ಡಯೆಟ್ ಪುಕ್ಕಟೆ ಸಿಗುತ್ತದೆ, ಹಾಗಾದರೆ ದುಡ್ಡು ಯಾವುದಕ್ಕೆ?

(ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರ ಬಳಗದ ಭಾನುವಾರದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಏನನ್ನೂ ಮಾರಲು ಬಂದಿಲ್ಲ. ಪುಡಿ ಇಲ್ಲ, ಶೇಕ್ ಇಲ್ಲ, ಮೂರು ತಿಂಗಳ ಪ್ಯಾಕೇಜೂ ಇಲ್ಲ. ತೂಕ ಇಳಿಸುವ ಭಾಷಣ ಅಂದರೆ ಕೊನೆಗೆ ಬ್ಯಾಗಿನಿಂದ ಒಂದು ಡಬ್ಬಿ ಹೊರಗೆ ಬಂದೇ ಬರುತ್ತದೆ ಅಂತ ಜನ ಕಾಯುತ್ತಾರೆ. ಅದಕ್ಕೇ ಹೇಳಿದೆ.

ಈಗ ಒಬ್ಬ ಹೆಂಗಸಿನ ಕಥೆ ಕೇಳಿ. ನಿಜವಾದ ಕಥೆ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಜೀನ್ ನೈಡೆಚ್ ಅಂತ ಒಬ್ಬ ಗೃಹಿಣಿ ಇದ್ದರು. 1961ರ ಮಾತು. ಆಗ ಆಕೆಯ ತೂಕ 97 ಕಿಲೋ. ಬಿಸ್ಕತ್ತು ಅಂದರೆ ಪ್ರಾಣ. ಮನೆಯವರಿಗೆ ಗೊತ್ತಾಗದ ಹಾಗೆ ಬಚ್ಚಲುಮನೆಯ ಬಟ್ಟೆಬುಟ್ಟಿಯಲ್ಲಿ ಪೊಟ್ಟಣ ಬಚ್ಚಿಟ್ಟು ತಿನ್ನುತ್ತಿದ್ದರಂತೆ. ಒಂದು ದಿನ ಅಂಗಡಿಯಲ್ಲಿ ಪರಿಚಯದವರೊಬ್ಬರು ಸಿಕ್ಕಿ, ತುಂಬಾ ಚೆನ್ನಾಗಿ ಕಾಣ್ತಿದ್ದೀರಿ, ಹೆರಿಗೆ ಯಾವಾಗ ಅಂತ ಕೇಳಿಬಿಟ್ಟರು. ಆಕೆ ಬಸುರಿ ಆಗಿರಲಿಲ್ಲ.

ಆಮೇಲೆ ಆಕೆ ಹೋಗಿದ್ದು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ನಡೆಸುತ್ತಿದ್ದ ಬೊಜ್ಜಿನ ಕ್ಲಿನಿಕ್ಕಿಗೆ. ನಮ್ಮ ಕಡೆಯ ಲೆಕ್ಕದಲ್ಲಿ ಕಾರ್ಪೊರೇಷನ್ ಆಸ್ಪತ್ರೆ ಅನ್ನಿ. ಅಲ್ಲಿ ನಾರ್ಮನ್ ಜಾಲಿಫ್ ಎಂಬ ವೈದ್ಯರು ರೂಪಿಸಿದ್ದ ಒಂದು ಊಟದ ಪಟ್ಟಿ ಕೊಟ್ಟರು. ಪುಕ್ಕಟೆ. ಮೀನು, ಕೊಬ್ಬಿಲ್ಲದ ಮಾಂಸ, ತರಕಾರಿ, ಹಣ್ಣು ತಿನ್ನಿ. ಸಿಹಿ ಮತ್ತು ಜಿಡ್ಡು ಬಿಡಿ. ಪಟ್ಟಿಯ ಸಾರ ಇಷ್ಟೇ. ನಮ್ಮ ಅಜ್ಜಿಯರಿಗೂ ಗೊತ್ತಿದ್ದ ವಿಷಯ.

ಪಟ್ಟಿ ಕೆಲಸ ಮಾಡಿತು. ಆದರೆ ಆಕೆಗೆ ಬಿಸ್ಕತ್ತಿನ ಚಟ ಬಿಡಲಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಹೇಳಿಕೊಳ್ಳಲು ನಾಚಿಕೆ. ಆಗ ಆಕೆ ದಪ್ಪಗಿದ್ದ ಆರು ಜನ ಗೆಳತಿಯರನ್ನು ಮನೆಗೆ ಕರೆದರು. ನಾನು ಕದ್ದು ಬಿಸ್ಕತ್ತು ತಿಂತೀನಿ ಅಂತ ಅವರ ಮುಂದೆ ಹೇಳಿದರು. ಅವರೂ ತಮ್ಮ ತಮ್ಮ ಗುಟ್ಟು ಬಿಚ್ಚಿದರು. ಮುಂದಿನ ವಾರ ಮತ್ತೆ ಸೇರಿದರು, ಇನ್ನಷ್ಟು ಜನ ಬಂದರು. 1962ರ ಕೊನೆಯ ಹೊತ್ತಿಗೆ ಆಕೆಯ ತೂಕ ಸುಮಾರು 64 ಕಿಲೋಗೆ ಇಳಿದಿತ್ತು. 1963ರಲ್ಲಿ ಅದೇ ಗುಂಪು ವೇಟ್ ವಾಚರ್ಸ್ ಎಂಬ ಕಂಪನಿ ಆಯಿತು. 1978ರಲ್ಲಿ ಟೊಮೆಟೊ ಕೆಚಪ್ ಮಾಡುವ ಹೈನ್ಜ್ ಕಂಪನಿ ಅದನ್ನು 7 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು.

ಇದರಲ್ಲಿ ಡಯೆಟ್ಟಿಗೆ ಕೊಟ್ಟ ಬೆಲೆ ಎಷ್ಟು ಹೇಳಿ? ಸೊನ್ನೆ. ಅದು ನಗರಸಭೆ ಹಂಚಿದ ಕಾಗದ. ಜನ ದುಡ್ಡು ಕೊಟ್ಟಿದ್ದು ವಾರಕ್ಕೊಮ್ಮೆ ಸೇರುವುದಕ್ಕೆ, ಅಲ್ಲೇ ತೂಕದ ಯಂತ್ರ ಹತ್ತುವುದಕ್ಕೆ, ನನ್ನ ಹಾಗೇ ಒದ್ದಾಡುವವರು ಇನ್ನೂ ಇದ್ದಾರೆ ಅನ್ನುವ ಧೈರ್ಯಕ್ಕೆ. ಇವತ್ತು ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿಗೆ ಮಾರುವ ಡಯೆಟ್ ಪ್ಲಾನುಗಳನ್ನು ಬಿಚ್ಚಿ ನೋಡಿದರೂ ಒಳಗಿರುವುದು ಇದೇ. ಒಂದು ಪುಕ್ಕಟೆ ಪಟ್ಟಿ, ಅದರ ಜೊತೆ ದಿನಾ ಫೋನು ಮಾಡಿ ಏನು ತಿಂದ್ರಿ ಅಂತ ಕೇಳುವ ಒಬ್ಬರು. ಅಂದಹಾಗೆ ಅದೇ ವೇಟ್ ವಾಚರ್ಸ್ 2025ರ ಮೇ ತಿಂಗಳಲ್ಲಿ ಸಾಲ ತೀರಿಸಲಾಗದೆ ದಿವಾಳಿ ಕಾನೂನಿನ ರಕ್ಷಣೆ ಕೇಳಿತು. ತೂಕ ಇಳಿಸುವ ಇಂಜೆಕ್ಷನ್‌ಗಳು ಬಂದ ಮೇಲೆ ವ್ಯಾಪಾರ ಬಿದ್ದುಹೋಗಿತ್ತು. ಇರಲಿ, ಅದು ಬೇರೆ ಕಥೆ.

ಯಾವ ಡಯೆಟ್ ಒಳ್ಳೆಯದು? ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಅನ್ನ, ಬ್ರೆಡ್ಡು ಹೆಚ್ಚುಕಡಿಮೆ ಪೂರ್ತಿ ಬಿಡುವ ಕೀಟೋನಾ, ಜಿಡ್ಡು ಕಡಿಮೆ ಮಾಡುವ ಲೋ ಫ್ಯಾಟಾ, ಹದಿನಾರು ಗಂಟೆ ಉಪವಾಸನಾ? ಇದಕ್ಕೆ ಉತ್ತರ ಹುಡುಕಲು ದೊಡ್ಡ ದೊಡ್ಡ ಅಧ್ಯಯನ ನಡೆದಿವೆ. ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡದ್ದು. 2018ರಲ್ಲಿ ಪ್ರಕಟವಾಯಿತು. 609 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಜಿಡ್ಡು ಕಡಿಮೆ, ಇನ್ನೊಂದಕ್ಕೆ ಅನ್ನ, ಬ್ರೆಡ್ಡಿನಂಥ ಪಿಷ್ಟ ಕಡಿಮೆ. ಒಂದು ವರ್ಷ ನಡೆಸಿದರು. ಮೊದಲ ಗುಂಪು ಸರಾಸರಿ 5.3 ಕಿಲೋ ಇಳಿಯಿತು, ಎರಡನೆಯದು 6 ಕಿಲೋ. ಅಂದರೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಇಲ್ಲ. ನಿಮ್ಮ ವಂಶವಾಹಿ ಪರೀಕ್ಷೆ ಮಾಡಿ ಯಾವ ಡಯೆಟ್ ಹೊಂದುತ್ತದೆ ಹೇಳುತ್ತೇವೆ ಅನ್ನುವವರಿದ್ದಾರಲ್ಲ, ಅದನ್ನೂ ಇಲ್ಲಿ ನೋಡಿದ್ದರು. ಅವರು ಪರೀಕ್ಷಿಸಿದ ವಂಶವಾಹಿಗಳಿಗೂ ಇಳಿದ ತೂಕಕ್ಕೂ ಸಂಬಂಧ ಕಾಣಲಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಸ್ವಾರಸ್ಯ ಇರುವುದು ಸರಾಸರಿಯಲ್ಲಿ ಅಲ್ಲ. ಎರಡೂ ಗುಂಪಿನಲ್ಲಿ 25 ಕಿಲೋಗಿಂತ ಹೆಚ್ಚು ಇಳಿದವರಿದ್ದರು. ಎರಡೂ ಗುಂಪಿನಲ್ಲಿ ಏಳೆಂಟು ಕಿಲೋ ಏರಿದವರೂ ಇದ್ದರು! ಒಂದೇ ಡಯೆಟ್, ಒಂದೇ ಪಾಠ. ಎರಡೂ ಗುಂಪಿಗೆ ಸಮಾನವಾಗಿ ಹೇಳಿದ್ದು ಮೂರೇ ಮಾತು: ತರಕಾರಿ ಜಾಸ್ತಿ ತಿನ್ನಿ, ಸಕ್ಕರೆ ಮತ್ತು ಮೈದಾ ಬಿಡಿ, ಆದಷ್ಟು ಮನೆಯಲ್ಲೇ ಅಡುಗೆ ಮಾಡಿ.

ಉಪವಾಸದ ಕಥೆಯೂ ಹೆಚ್ಚು ಕಡಿಮೆ ಇದೇ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಮಾಡಿದ ಅಧ್ಯಯನ 2022ರಲ್ಲಿ ಬಂತು. ಎಲ್ಲರಿಗೂ ಕ್ಯಾಲರಿ ಕಡಿಮೆ ಮಾಡಿದರು. ಅರ್ಧ ಜನ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಊಟ ಮುಗಿಸಬೇಕಿತ್ತು. ವರ್ಷದ ಕೊನೆಗೆ ಅವರು 8 ಕಿಲೋ ಇಳಿದರು, ಗಡಿಯಾರ ನೋಡದವರು 6.3 ಕಿಲೋ. ಸಂಖ್ಯಾಶಾಸ್ತ್ರದ ಪ್ರಕಾರ ಅದು ಗಟ್ಟಿ ವ್ಯತ್ಯಾಸ ಅಲ್ಲ. ನಮ್ಮಲ್ಲಿ ಒಪ್ಪತ್ತು ಊಟ ಮಾಡುವವರು ಮೊದಲಿಂದಲೂ ಇದ್ದಾರೆ, ಹೊಂದುವವರಿಗೆ ಒಳ್ಳೆಯದೇ. ಆದರೆ ಏಕಾದಶಿ ದಿನ ಅನ್ನ ಒಂದನ್ನು ಬಿಟ್ಟು ಅವಲಕ್ಕಿ, ಸಬ್ಬಕ್ಕಿ ವಡೆ, ರವೆ ಉಂಡೆ, ಬಾಳೆಹಣ್ಣಿನ ರಸಾಯನ ಎಲ್ಲ ಹೊಡೆಯುತ್ತೇವಲ್ಲ, ಆ ಉಪವಾಸದಿಂದ ಪುಣ್ಯ ಬರಬಹುದು, ತೂಕ ಇಳಿಯುವುದಿಲ್ಲ.

ಹಾಗಾಗಿ ಡಯೆಟ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ. ಬರುವ ಯುಗಾದಿಗೂ, ಅದರ ಮುಂದಿನ ಯುಗಾದಿಗೂ ನೀವು ಇದನ್ನೇ ತಿನ್ನುತ್ತಿರುತ್ತೀರಾ? ಬೆಣ್ಣೆಹಣ್ಣು, ಬ್ರೊಕೊಲಿ, ಆಲಿವ್ ಎಣ್ಣೆ ಇರುವ ಪಟ್ಟಿಯನ್ನು ಎಷ್ಟು ದಿನ ನಡೆಸುತ್ತೀರಿ? ನಿಮಗೆ ಬೇರೆ ಅಡುಗೆ, ಮಕ್ಕಳಿಗೆ ಬೇರೆ ಅಡುಗೆ ಅಂತ ಮನೆಯಲ್ಲಿ ಎಷ್ಟು ದಿನ ನಡೆಯುತ್ತದೆ? ಎರಡು ವಾರ. ಆಮೇಲೆ ಚಿತ್ರಾನ್ನ. ಅನ್ನ ಪೂರ್ತಿ ಬಿಟ್ಟಾಗ ಮೊದಲ ವಾರವೇ ಎರಡು ಮೂರು ಕಿಲೋ ಇಳಿದ ಹಾಗೆ ಕಾಣುತ್ತದೆ. ಅದರಲ್ಲಿ ಬಹುಪಾಲು ನೀರು. ಮೈಯಲ್ಲಿ ಕೂಡಿಟ್ಟ ಪಿಷ್ಟ ಖರ್ಚಾದಾಗ ಅದು ಹಿಡಿದಿಟ್ಟುಕೊಂಡ ನೀರೂ ಹೋಗುತ್ತದೆ. ಅನ್ನಕ್ಕೆ ಮರಳಿದ ದಿನ ಅದೂ ಮರಳುತ್ತದೆ.

ಸರಿ, ಹಾಗಾದರೆ ಏನು ತಿನ್ನಬೇಕು? ಈ ಪಟ್ಟಿಯೂ ಪುಕ್ಕಟೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗೆಂದೇ ಆಹಾರದ ಮಾರ್ಗಸೂಚಿ ಹೊರತಂದಿದೆ. ಯಾರು ಬೇಕಾದರೂ ಮೊಬೈಲಿಗೆ ಇಳಿಸಿಕೊಳ್ಳಬಹುದು. ದಿನಕ್ಕೆ 2000 ಕ್ಯಾಲರಿ ಬೇಕಾದ ಒಬ್ಬರಿಗೆ ಧಾನ್ಯ 250 ಗ್ರಾಂ, ಬೇಳೆ ಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ, ಎಣ್ಣೆ 27 ಗ್ರಾಂ ಅಂತ ಅದರಲ್ಲಿದೆ. ಶೇಂಗಾ, ಎಳ್ಳು, ಬಾದಾಮಿಯಂಥವು 35 ಗ್ರಾಂ. ಪ್ರೋಟೀನ್ ಪುಡಿ ಬೇಡ ಅಂತಲೂ ಅವರೇ ಹೇಳಿದ್ದಾರೆ.

ಗ್ರಾಂ ಲೆಕ್ಕ ಯಾರು ಇಡ್ತಾರೆ ಮೇಡಂ ಅಂತೀರಿ, ಗೊತ್ತು. ಅದಕ್ಕೆ ನಾನು ಬೇರೆ ದಾರಿ ಹೇಳುತ್ತೇನೆ. ತಿಂಗಳ ದಿನಸಿ ಚೀಟಿ ತೆಗೆಯಿರಿ. ಹೌದು, ಅಂಗಡಿಯ ಬಿಲ್ಲು. ಅದರಷ್ಟು ಸತ್ಯ ಹೇಳುವ ಕಾಗದ ಮನೆಯಲ್ಲಿ ಇನ್ನೊಂದಿಲ್ಲ. ಮೇಲಿನ ಲೆಕ್ಕವನ್ನು 30ರಿಂದ ಗುಣಿಸಿ. ಒಬ್ಬರಿಗೆ ತಿಂಗಳಿಗೆ ಅಕ್ಕಿ, ರಾಗಿ, ಗೋಧಿ, ರವೆ, ಅವಲಕ್ಕಿ ಎಲ್ಲ ಸೇರಿ ಏಳೂವರೆ ಕಿಲೋ. ಬೇಳೆ ಕಾಳು ಎರಡೂವರೆ ಕಿಲೋ. ಎಣ್ಣೆ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ. ಈಗ ನಿಮ್ಮ ಚೀಟಿ ನೋಡಿ. ನಾಲ್ಕು ಜನರ ಮನೆಗೆ ಐದಾರು ಲೀಟರ್ ಎಣ್ಣೆ ಬರುತ್ತಿದೆಯಾ? ಕಾಳು ಬೇಳೆ ಎಲ್ಲ ಸೇರಿ ಮೂರ್ನಾಲ್ಕು ಕಿಲೋ ಮಾತ್ರವಾ? ಹಾಗಿದ್ದರೆ ನಿಮ್ಮ ಮನೆಯ ಡಯೆಟ್ ಎಲ್ಲಿ ತಪ್ಪಿದೆ ಅಂತ ಅಂಗಡಿಯವನೇ ಬರೆದುಕೊಟ್ಟಿದ್ದಾನೆ.

ಎಣ್ಣೆಯಿಂದ ಶುರು ಮಾಡಿ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲರಿ, ಪ್ರೋಟೀನಿನಲ್ಲೂ 4, ಜಿಡ್ಡಿನಲ್ಲಿ 9. ಊಟದ ದೊಡ್ಡ ಚಮಚದಷ್ಟು ಎಣ್ಣೆ ಅಂದರೆ ಹತ್ತಿರ ಹತ್ತಿರ 120 ಕ್ಯಾಲರಿ. ಒಗ್ಗರಣೆಗೆ ಡಬ್ಬದಿಂದ ಹಾಗೇ ಸುರಿಯುತ್ತೇವಲ್ಲ, ಅಲ್ಲಿ ಎಷ್ಟು ಬಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೆ ಇಷ್ಟೇ ಲೀಟರ್ ಅಂತ ತೀರ್ಮಾನ ಮಾಡಿ ಅಷ್ಟನ್ನೇ ತನ್ನಿ. ಖಾಲಿಯಾಗುತ್ತಾ ಬಂದಾಗ ಕೈ ತಾನಾಗೇ ಬಿಗಿಯಾಗುತ್ತದೆ. ದೇವಸ್ಥಾನದ ದೀಪಕ್ಕೆ ಹಾಕಿದೆ ಅಂತ ಲೆಕ್ಕ ತಪ್ಪಿಸಬೇಡಿ!

ಸಕ್ಕರೆಯೂ ಹಾಗೆಯೇ. ದಿನಕ್ಕೆ ನಾಲ್ಕು ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ. 40 ಗ್ರಾಂ ಆಯಿತು, 160 ಕ್ಯಾಲರಿ. ತಿಂಗಳಿಗೆ ಒಂದು ಕಿಲೋ 200 ಗ್ರಾಂ ಸಕ್ಕರೆ ಬರೀ ಕಾಫಿಯಲ್ಲಿ. ಬೆಲ್ಲ ಹಾಕಿದರೂ ಲೆಕ್ಕ ಬದಲಾಗುವುದಿಲ್ಲ.

ಇನ್ನು ಅನ್ನ, ಮುದ್ದೆ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕು. ರಾಗಿ ತಿಂದರೆ ತೂಕ ಇಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ಮುದ್ದೆ ತಿನ್ನುವ ಸೀಮೆಯವಳೇ. ರಾಗಿಯಲ್ಲಿ ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು, ನಾರೂ ಹೆಚ್ಚು. ಹೊಟ್ಟೆ ತುಂಬಿದ ಹಾಗಿರುತ್ತದೆ. ಅದೆಲ್ಲ ಸರಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕ್ಯಾಲರಿ ಆಸುಪಾಸು, 100 ಗ್ರಾಂ ಅಕ್ಕಿಯಲ್ಲಿ 350 ಆಸುಪಾಸು. ಅಂಥಾ ದೊಡ್ಡ ಅಂತರ ಏನಲ್ಲ. ಎರಡು ಮುದ್ದೆ ನುಂಗಿ, ಆಮೇಲೆ ಸಾರಿಗೊಂದಿಷ್ಟು ಅನ್ನ, ಮಜ್ಜಿಗೆಗೊಂದಿಷ್ಟು ಅನ್ನ ಅಂದರೆ ರಾಗಿ ಏನು ಮಾಡೀತು? ಗದ್ದೆ ಉಳುವವರ ಊಟ ಅದು. ಉಳುವುದನ್ನು ಬಿಟ್ಟಿದ್ದೇವೆ, ಊಟದ ಅಳತೆ ಬಿಟ್ಟಿಲ್ಲ.

ಅಳತೆ ಹಿಡಿಯುವ ಜಾಗ ತಟ್ಟೆ ಅಲ್ಲ, ಕುಕ್ಕರು. ಮಾಡಿದ್ದು ಉಳಿದರೆ ಚೆಲ್ಲಲು ಮನಸ್ಸು ಬರುವುದಿಲ್ಲ, ಅದರಲ್ಲೂ ಹೆಂಗಸರಿಗೆ. ಮಕ್ಕಳು ಬಿಟ್ಟಿದ್ದು, ಪಾತ್ರೆ ತಳದಲ್ಲಿ ಉಳಿದಿದ್ದು ಎಲ್ಲ ಅಮ್ಮನ ಹೊಟ್ಟೆಗೆ. ಆದ್ದರಿಂದ ಅಕ್ಕಿ ತೊಳೆಯುವ ಮುಂಚೆಯೇ ಒಂದು ಹಿಡಿ ತೆಗೆದು ಡಬ್ಬಕ್ಕೆ ವಾಪಸ್ ಹಾಕಿ. ಆ ಜಾಗಕ್ಕೆ ಒಂದು ಹಿಡಿ ಕಾಳು ನೆನೆಸಿ. ಹುರುಳಿ, ಅಲಸಂದೆ, ಹೆಸರುಕಾಳು, ಅವರೆಕಾಲದಲ್ಲಿ ಅವರೆ. ಬಸ್ಸಾರು ಮಾಡಿ, ಉಪ್ಸಾರು ಮಾಡಿ, ಮಸ್ಸೊಪ್ಪು ಮಾಡಿ. ಬಸ್ಸಾರಂತೂ ನನ್ನ ಪ್ರಕಾರ ತೂಕ ಇಳಿಸುವವರಿಗೆಂದೇ ಮಾಡಿದ ಅಡುಗೆ. ಸೊಪ್ಪು ಕಾಳು ಬೇಯಿಸಿದ ನೀರು ಸಾರಾಯಿತು, ಬಸಿದ ಸೊಪ್ಪು ಕಾಳು ಪಲ್ಯವಾಯಿತು. ಒಂದೇ ಒಲೆ, ಎರಡು ಪದಾರ್ಥ, ಎಣ್ಣೆ ಒಂದು ಚಮಚ. ಉತ್ತರ ಕರ್ನಾಟಕದವರು ಇದ್ದೀರಿ ಇಲ್ಲಿ, ನಿಮಗೆ ಹೇಳಬೇಕಾಗಿಯೇ ಇಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಇರುವ ತಟ್ಟೆಗೆ ಯಾವ ಡಯೆಟ್ ಪ್ಲಾನೂ ಬೇಡ. ರೊಟ್ಟಿ ಎಷ್ಟು ಅನ್ನುವುದು ಮಾತ್ರ ನೋಡಿಕೊಳ್ಳಿ. ಶೇಂಗಾ ಚಟ್ನಿಯ ಮೇಲೆ ಎಣ್ಣೆ ಎಷ್ಟು ಅನ್ನುವುದನ್ನೂ.

ಡಯೆಟ್ ಪುಕ್ಕಟೆ ಅಂದಿರಿ, ಕಾಳು ತರಕಾರಿಗೆ ದುಡ್ಡು ಬೇಡವಾ ಅಂತ ಒಬ್ಬರು ಆಗಲೇ ಗುಸುಗುಸು ಅಂದರು. ನ್ಯಾಯವಾದ ಮಾತು. ರೇಷನ್ನಿನಲ್ಲಿ ಪುಕ್ಕಟೆ ಬರುವುದು ಅಕ್ಕಿ, ಸೊಪ್ಪಲ್ಲ. ಬಡತನದಲ್ಲಿ ಹೊಟ್ಟೆ ತುಂಬುವುದು ಅನ್ನದಿಂದಲೇ. ಆದರೆ ಚೀಟಿಯನ್ನು ಇನ್ನೊಮ್ಮೆ ನೋಡಿ. ಬಿಸ್ಕತ್ತು, ಚಿಪ್ಸ್, ಮಿಕ್ಸ್ಚರ್, ನೂಡಲ್ಸ್, ಬಾಟಲಿ ಜ್ಯೂಸ್. ಅದಕ್ಕೆ ಹೋದ ದುಡ್ಡನ್ನು ಕೂಡಿಸಿ. ಬಹಳ ಮನೆಗಳಲ್ಲಿ ಕಾಳಿನ ಖರ್ಚು ಅಲ್ಲೇ ಹುಟ್ಟುತ್ತದೆ. ಪ್ಯಾಕೆಟ್ ತಿಂಡಿ ಬಿಡುವುದಕ್ಕೆ ಇನ್ನೂ ಒಂದು ಕಾರಣ ಇದೆ. 2019ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧನಾ ಆಸ್ಪತ್ರೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಜನರನ್ನು ಇಟ್ಟುಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟರು. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ಆಹಾರದ ದಿನಗಳಲ್ಲಿ ಜನ ತಮಗೇ ಗೊತ್ತಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ಎರಡು ವಾರಕ್ಕೆ ಸುಮಾರು ಒಂದು ಕಿಲೋ ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು.

ತರಕಾರಿಯಲ್ಲಿ ಸೋರೆಕಾಯಿ, ಸೀಮೆಬದನೆ, ಪಡವಲ, ಬೂದುಗುಂಬಳ, ಮೂಲಂಗಿ ಇವೆಲ್ಲ ಸಾಮಾನ್ಯವಾಗಿ ಅಗ್ಗ. ನುಗ್ಗೆಸೊಪ್ಪು ಕೊಯ್ದುಕೊಳ್ತೀವಿ ಅಂದರೆ ಮರ ಇರುವವರು ಬೇಡ ಅನ್ನುವುದಿಲ್ಲ.

ನೀವೆಲ್ಲ ವಾಕಿಂಗ್ ಮಾಡುವವರು. ಅದಕ್ಕೂ ಒಂದು ಮಾತು. 70 ಕಿಲೋ ತೂಕದವರು 5 ಕಿಲೋಮೀಟರ್ ನಡೆದರೆ ಖರ್ಚಾಗುವುದು ಅಂದಾಜು 250 ಕ್ಯಾಲರಿ. ವಾಕಿಂಗ್ ಮುಗಿಸಿ ಮೂಲೆಯ ದರ್ಶಿನಿಗೆ ಹೋಗಿ ಒಂದು ಮಸಾಲೆ ದೋಸೆ ತಿಂದರೆ ಅಷ್ಟೂ ವಾಪಸ್ ಬಂತು, ಮೇಲೆ ಇನ್ನಷ್ಟು. ನಗಬೇಡಿ, ನಾನು ನೋಡಿದ್ದೇನೆ. ನಡೆಯುವುದನ್ನು ಬಿಡಬೇಡಿ. ಸಕ್ಕರೆ ಕಾಯಿಲೆಗೆ, ಬಿಪಿಗೆ, ಇಳಿದ ತೂಕ ಮತ್ತೆ ಏರದಿರಲು ಅದು ಬೇಕೇ ಬೇಕು. ತೂಕ ಇಳಿಸುವ ಕೆಲಸ ಮಾತ್ರ ಹೆಚ್ಚಿನಂಶ ಅಡುಗೆಮನೆಯದ್ದು.

ಈಗ ಜೀನ್ ನೈಡೆಚ್ ಮಾರಿದ ಆ ಇನ್ನೊಂದು ಸಾಮಾನಿನ ವಿಷಯ. ಜೊತೆ. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾಗಳ 772 ಜನರ ಮೇಲೆ ಮಾಡಿದ ಒಂದು ಅಧ್ಯಯನ 2011ರಲ್ಲಿ ಬಂತು. ವೈದ್ಯರ ಸಲಹೆ ಮಾತ್ರ ಪಡೆದವರು ವರ್ಷಕ್ಕೆ ಸುಮಾರು ಎರಡೂಕಾಲು ಕಿಲೋ ಇಳಿದರು. ವಾರವಾರ ವೇಟ್ ವಾಚರ್ಸ್ ಸಭೆಗೆ ಹೋಗುವಂತೆ ಕಳಿಸಿದವರು 5 ಕಿಲೋ. ಅಧ್ಯಯನಕ್ಕೆ ದುಡ್ಡು ಕೊಟ್ಟಿದ್ದು ಅದೇ ಕಂಪನಿ, ಅದನ್ನೂ ಹೇಳಿಬಿಡಬೇಕು. ಆದರೂ ನಾನು ಇದನ್ನು ನಂಬುತ್ತೇನೆ. ಯಾರೋ ನೋಡುತ್ತಾರೆ ಅಂದಾಗ ನಾವು ಬೇರೆ ಥರ ಇರುತ್ತೇವೆ. ಇನ್ನೊಂದು, ಬರೆದಿಡುವುದು. 2008ರಲ್ಲಿ ಅಮೆರಿಕದಲ್ಲಿ ಸುಮಾರು 1700 ಜನರನ್ನು ಗಮನಿಸಿದಾಗ ತಿಂದಿದ್ದನ್ನು ದಿನಾ ಬರೆದಿಟ್ಟವರು, ಏನೂ ಬರೆಯದವರಿಗಿಂತ ದುಪ್ಪಟ್ಟು ಇಳಿದಿದ್ದರು. ಆ್ಯಪ್ ಬೇಡ. ಮಕ್ಕಳ ಹಳೆ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಸಾಕು.

ನಿಮ್ಮ ಬಳಗಕ್ಕೆ ಇದು ಎಷ್ಟು ಸುಲಭ ನೋಡಿ. ಸಭೆ ಸೇರುವುದಕ್ಕೆ ಪಾರ್ಕ್ ಇದೆ, ದಿನಾ ಸೇರುತ್ತಲೂ ಇದ್ದೀರಿ. ಯಾರದ್ದಾದರೂ ಮನೆಯಲ್ಲಿ ತೂಕದ ಯಂತ್ರ ಇದ್ದೇ ಇರುತ್ತದೆ, ಹೆಚ್ಚಿನ ಪಕ್ಷ ಮಂಚದ ಕೆಳಗೆ. ಭಾನುವಾರ ಅದನ್ನು ತನ್ನಿ. ಒಬ್ಬರು ಪುಸ್ತಕ ಹಿಡಿಯಿರಿ. ತೂಕ ಗಟ್ಟಿಯಾಗಿ ಓದಬೇಡಿ, ಬರೆದುಕೊಂಡರೆ ಸಾಕು. ಹೊಟ್ಟೆ ಸುತ್ತಳತೆಗೆ ಟೈಲರ್ ಟೇಪು. ನಮ್ಮವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಬೇಕು. ವಾರಕ್ಕೆ ಅರ್ಧ ಕಿಲೋ ಇಳಿದರೆ ಬೇಕಾದಷ್ಟಾಯಿತು. ಅದಕ್ಕಿಂತ ಬೇಗ ಇಳಿಸುತ್ತೇವೆ ಅಂದವರಿಂದ ದೂರ ಇರಿ. ತೀರಾ ಬೇಗ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಇದೆ.

ಕೆಲವರು ಇದನ್ನೆಲ್ಲ ಶುರು ಮಾಡುವ ಮುಂಚೆ ಡಾಕ್ಟರನ್ನು ನೋಡಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆಗೆ ಮಾತ್ರೆ ನುಂಗುವವರು ಊಟ ಕಡಿಮೆ ಮಾಡಿ ಔಷಧಿ ಅಷ್ಟೇ ಇಟ್ಟರೆ ಸಕ್ಕರೆ ತೀರಾ ಕೆಳಗಿಳಿದು ಬಿದ್ದುಬಿಡಬಹುದು. ಬಸುರಿಯರು, ಹಾಲೂಡಿಸುವವರು, ಕಿಡ್ನಿ ತೊಂದರೆ ಇರುವವರು ಕೂಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ, ಅವತ್ತೇ ಹೋಗಿ ತೋರಿಸಿ.

ಆಮೇಲೆ ಬಂದ ಪ್ರಶ್ನೆಗಳು.

ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿದರೆ ಬೊಜ್ಜು ಕರಗುತ್ತದಾ ಅಂತ ಒಬ್ಬರು ಕೇಳಿದರು. ಕರಗುವುದಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲರಿ ಇದೆ, ಅದು ಒಳಗೆ ಹೋಗುತ್ತದೆ ಅಷ್ಟೇ. ಬಿಸಿನೀರು ಸುಮ್ನೆ ಕುಡಿಯಿರಿ.

ನಾಲ್ಕು ಕಿಲೋ ಇಳಿದು ಅಲ್ಲೇ ನಿಂತುಬಿಟ್ಟಿದೆ, ಏನು ಮಾಡಲಿ ಅಂತ ಇನ್ನೊಬ್ಬರು. ಇದು ಎಲ್ಲರಿಗೂ ಆಗುತ್ತದೆ. ಮೈ ಹಗುರ ಆದಷ್ಟೂ ಅದಕ್ಕೆ ಬೇಕಾದ ಕ್ಯಾಲರಿಯೂ ಕಡಿಮೆ. ಮೊದಲು ಇಳಿಸುತ್ತಿದ್ದ ಊಟವೇ ಈಗ ತೂಕವನ್ನು ಇದ್ದಲ್ಲೇ ಇಡುತ್ತದೆ. ಜೊತೆಗೆ ಅಳತೆ ಮೆಲ್ಲಗೆ ಸಡಿಲ ಆಗಿರುತ್ತದೆ, ನಮಗೇ ಗೊತ್ತಾಗಿರುವುದಿಲ್ಲ. ಒಂದು ವಾರ ಮತ್ತೆ ಪುಸ್ತಕದಲ್ಲಿ ಬರೆಯಿರಿ, ಕಳ್ಳ ಸಿಕ್ಕಿಬೀಳುತ್ತಾನೆ. ಏನೂ ಸಿಗಲಿಲ್ಲ ಅಂದರೆ ಇದ್ದಲ್ಲೇ ಇರಿ. ಏರದೆ ನಿಂತಿದ್ದೂ ಗೆಲುವೇ.

ಕೊನೆಯದು ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯದು. ಮನೆಯಲ್ಲಿ ಹೇಗೋ ಆಯ್ತಮ್ಮ, ನೆಂಟರ ಮನೆಗೆ ಹೋದರೆ ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ ಅಂತ ಬಲವಂತ ಮಾಡ್ತಾರೆ, ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ, ಅದಕ್ಕೇನು ಮಾಡೋದು? ನಿಜ ಹೇಳಬೇಕಂದರೆ ಇವತ್ತಿನ ಪ್ರಶ್ನೆಗಳಲ್ಲಿ ಇದೇ ಕಷ್ಟದ್ದು. ನಾನು ಮಾಡುವುದನ್ನು ಹೇಳಿದೆ. ಬೇಡ ಅನ್ನುವುದಿಲ್ಲ. ಕೋಸಂಬರಿ ಬಹಳ ಚೆನ್ನಾಗಿದೆ, ಅದನ್ನೇ ಇನ್ನೊಂದಿಷ್ಟು ಹಾಕಿ ಅನ್ನುತ್ತೇನೆ. ಬಡಿಸುವವರಿಗೆ ಕೈ ತುಂಬ ಬಡಿಸಿದ ಸಮಾಧಾನ. ಎಲೆಯ ಮೇಲೆ ಮೊದಲ ಹೋಳಿಗೆಯಲ್ಲಿ ಕೊನೆಯ ತುಂಡು ಊಟ ಮುಗಿಯುವವರೆಗೂ ಉಳಿಸಿಕೊಂಡಿರುತ್ತೇನೆ, ಖಾಲಿ ಜಾಗ ಕಂಡರೆ ತಾನೇ ಹಾಕುವುದು. ಅಜ್ಜಿ ತಲೆ ಆಡಿಸಿ, ನಮ್ಮ ಬೀಗರು ತುಂಡು ಇದ್ರೂ ಬಿಡೋರಲ್ಲ ಅಂದರು. ಅಂಥವರ ಮನೆಗೆ ಹೋಗುವ ದಿನ ಬೆಳಿಗ್ಗೆ, ರಾತ್ರಿ ಬರೀ ಮಜ್ಜಿಗೆ, ಒಂದು ಹಣ್ಣು ಸಾಕು ಅಂದೆ. ಆಮೇಲೆ, ಸಕ್ಕರೆ ಮಾತ್ರೆ ತಗೊಳ್ತೀರಾ ಅಂತ ಕೇಳಿದೆ. ಹೂಂ ಅಂದರು. ಹಾಗಾದರೆ ಊಟ ಬಿಡುವುದು ಬೇಡ, ಹೋಳಿಗೆ ಅರ್ಧ ಮುರಿದು ಮೊಮ್ಮಗನ ಎಲೆಗೆ ಹಾಕಿ ಅಂದೆ.